ಸ್ಪ್ಯಾಮ್ ಹಿಡಿಯಲು ಒಳ್ಳೆಯ ಮೇಲ್ ಯಾಕೆ ಬೇಕು

ಕೇಳದೆ ರಾಶಿಗಟ್ಟಲೆ ಬಂದು ಬೀಳುವ ಮೇಲ್ ಸ್ಪ್ಯಾಮ್. ಅದನ್ನು ಗುರುತಿಸಿ ಜಂಕ್ ಫೋಲ್ಡರಿಗೆ ತಳ್ಳುವುದು ಫಿಲ್ಟರ್. ಮೇಲ್ ಸೇವೆ ಕೊಡುವ ಸಂಸ್ಥೆಯ ಸರ್ವರಿನಲ್ಲಿ ಒಂದು ಫಿಲ್ಟರ್ ಇರುತ್ತದೆ, ಥಂಡರ್‌ಬರ್ಡ್‌ನಂತೆ ಕಂಪ್ಯೂಟರಿನಲ್ಲೇ ಹಾಕಿಕೊಳ್ಳುವ ಪ್ರೋಗ್ರಾಮಿನಲ್ಲಿ ಇನ್ನೊಂದು. ಈ ಎರಡನೆಯದು ಕೆಲಸ ಮಾಡುವುದಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಅರ್ಧಕ್ಕೇ ನಿಂತ ಪಾಠ.

ಥಂಡರ್‌ಬರ್ಡ್‌ನ ಫಿಲ್ಟರಿಗೆ ಮೊದಲ ದಿನ ಏನೂ ಗೊತ್ತಿರುವುದಿಲ್ಲ. ‘ಜಂಕ್’, ‘ಜಂಕ್ ಅಲ್ಲ’ ಎಂದು ಗುರುತು ಹಾಕಿದ ಮೇಲ್‌ಗಳ ಪದಗಳನ್ನು ಅದು ಎಣಿಸಿಟ್ಟುಕೊಂಡು, ಹೊಸ ಮೇಲ್ ಬಂದಾಗ ಆ ಲೆಕ್ಕಕ್ಕೆ ಹೋಲಿಸುತ್ತದೆ. ಇದರ ಗಣಿತ 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್‌ನ ಪ್ರಬಂಧದಷ್ಟು ಹಳೆಯದು. ಸ್ಪ್ಯಾಮ್ ಹಿಡಿಯಲು ಅದು ಬಳಕೆಗೆ ಬಂದದ್ದು ಮುಖ್ಯವಾಗಿ ಪಾಲ್ ಗ್ರಹಾಂ 2002ರಲ್ಲಿ ಬರೆದ ಲೇಖನದಿಂದ.

ಕಾರವಾರದ ಗುತ್ತಿಗೆದಾರರೊಬ್ಬರು ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಸಾಮಾನು ಪೂರೈಸುತ್ತಾರೆ ಎಂದಿಟ್ಟುಕೊಳ್ಳಬಹುದು. ‘ಟೆಂಡರ್’ ಎಂಬ ಪದ 100 ಜಂಕ್ ಮೇಲ್‌ಗಳಲ್ಲಿ 30ರಲ್ಲಿ, 100 ಒಳ್ಳೆಯ ಮೇಲ್‌ಗಳಲ್ಲೂ 30ರಲ್ಲಿ ಇದ್ದರೆ ಅದರಿಂದ ಏನೂ ತೀರ್ಮಾನವಾಗದು. ‘ಲಾಟರಿ’ ಜಂಕಿನ 39ರಲ್ಲಿ, ಒಳ್ಳೆಯದರ 1ರಲ್ಲಿ ಮಾತ್ರ ಇದ್ದರೆ ಆ ಪದವುಳ್ಳ ಮೇಲ್ ಜಂಕ್ ಆಗುವ ಸಂಭವ 40ಕ್ಕೆ 39. ‘ಕೈಗಾ’ ಇದಕ್ಕೆ ತದ್ವಿರುದ್ಧ: ಲಕ್ಷಾಂತರ ಮಂದಿಗೆ ಒಂದೇ ಮೇಲ್ ಎಸೆಯುವವನಿಗೆ ಆ ಪದ ಹೊಳೆಯುವುದೇ ಇಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ‘ಕರಿ ಇಶಾಡ’ ಮಾವಿನ ಹೆಸರು ಅಂಕೋಲೆಯ ಬೆಳೆಗಾರರ ಮೇಲ್‌ಪೆಟ್ಟಿಗೆಯಲ್ಲಿ ಇದೇ ಕೆಲಸ ಮಾಡುತ್ತದೆ. ಊರಿನ ಹೆಸರು, ಹಣ್ಣಿನ ಹೆಸರು ಕಾವಲಿಗೆ ನಿಲ್ಲುವ ಈ ವಿಧಾನ ಎಷ್ಟು ಸಲ ವಿವರಿಸಿದರೂ ಬೆರಗು ಹುಟ್ಟಿಸುವಂಥದ್ದು!

ಎಡವುವುದೂ ಇಲ್ಲಿಯೇ. ಜಂಕಿಗೆ ಮಾತ್ರ ಗುರುತು ಹಾಕಿ ಒಳ್ಳೆಯದನ್ನು ಸುಮ್ಮನೆ ಬಿಟ್ಟರೆ ಹೋಲಿಕೆಗೆ ಒಂದು ತಟ್ಟೆ ಖಾಲಿ. ಆಗ ‘ಟೆಂಡರ್’ ಕೂಡ ಜಂಕಿನ ಪದವಾಗಿ, ನಿಜವಾದ ಟೆಂಡರಿನ ಮೇಲ್ ಜಂಕ್ ಫೋಲ್ಡರಿನಲ್ಲೇ ಉಳಿದು ಕೊನೆಯ ದಿನಾಂಕ ದಾಟಿಹೋಗಬಹುದು. ಬರೀ ಡಿಲೀಟ್ ಒತ್ತಿದರೆ ಫಿಲ್ಟರ್ ಏನನ್ನೂ ಕಲಿಯದು.

ಕನ್ನಡದ ಮೇಲ್‌ಗಳಿಗೆ ಇನ್ನಷ್ಟು ಪಾಠ ಬೇಕು. ವಿಭಕ್ತಿ ಬಿಡಿಸಿ ನೋಡದ ಫಿಲ್ಟರಿಗೆ ‘ಕಾರವಾರಕ್ಕೆ’, ‘ಕಾರವಾರದಿಂದ’ ಬೇರೆ ಬೇರೆ ಪದಗಳು. ಕೊಂಕಣಿಯ ಒಂದೇ ಪದವನ್ನು ದೇವನಾಗರಿಯಲ್ಲೂ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಬರೆದರೆ ಅದಕ್ಕೆ ಅವು ಮೂರು ಪದ.

ಇನ್ನೊಂದು ತೂತು ವಿಳಾಸ ಪುಸ್ತಕ. ಅದರಲ್ಲಿರುವವರ ಮೇಲ್ ಜಂಕ್ ಅಲ್ಲವೆಂದು ನಂಬುವ ಆಯ್ಕೆ ಥಂಡರ್‌ಬರ್ಡ್‌ನಲ್ಲಿದೆ. ಕಳಿಸುವವರ ವಿಳಾಸವನ್ನು ಸುಳ್ಳಾಗಿ ಬರೆಯುವುದು ಸುಲಭವಾದ್ದರಿಂದ ಸ್ಪ್ಯಾಮಿಗರು ಪಡೆಯುವವರದೇ ವಿಳಾಸ ಹಾಕುತ್ತಾರೆ. ತಮ್ಮದೇ ವಿಳಾಸ ಆ ಪುಸ್ತಕದಲ್ಲಿದ್ದರೆ ಅಂಥ ಮೇಲ್ ತಪಾಸಣೆಯಿಲ್ಲದೆ ಒಳಬರಬಹುದು. ‘ಇನ್ನು ಕಳಿಸಬೇಡಿ’ ಎಂದು ಉತ್ತರಿಸಿದರೆ ಸ್ಪ್ಯಾಮಿಗನ ವಿಳಾಸವೂ ತಾನಾಗಿ ಸಂಗ್ರಹಕ್ಕೆ ಸೇರಬಹುದು. ಇಂಥ ವಿಳಾಸಗಳನ್ನು ಅಳಿಸಬೇಕು.

ಪಾಠ ತೀರಾ ಕೆಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕಲಿಕೆಯ ದಾಖಲೆ ಅಳಿಸಿ, ಇನ್‌ಬಾಕ್ಸಿನ ಒಳ್ಳೆಯ ಮೇಲ್‌ಗಳಿಗೂ ಜಂಕಿಗೂ ಒಟ್ಟೊಟ್ಟಿಗೆ ಗುರುತು ಹಾಕಿ ಹೊಸದಾಗಿ ಆರಂಭಿಸುವುದು ಲೇಸು. ಆ ಲೆಕ್ಕವೆಲ್ಲ ಪ್ರೊಫೈಲ್ ಫೋಲ್ಡರಿನ ‘ಟ್ರೇನಿಂಗ್.ಡ್ಯಾಟ್’ ಕಡತದಲ್ಲಿರುತ್ತದೆ. ಕಂಪ್ಯೂಟರ್ ಬದಲಿಸುವಾಗ ಅದನ್ನೂ ನಕಲು ಮಾಡಿಕೊಂಡರೆ ಮತ್ತೆ ಮೊದಲಿನಿಂದ ಕಲಿಸಬೇಕಾಗಿಲ್ಲ.