ತವರಿಗೆ ಹಾರುವ ಮುನ್ನ ವಾರ ಎಣಿಸಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಐದು, ಏಳು, ಒಂಬತ್ತು ಎಂದು ಬೆಸ ತಿಂಗಳು ನೋಡಿ ಕುಬಸ (ಸೀಮಂತ) ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಗಳನ್ನು ಕರೆತರುತ್ತಾರೆ. ಈಗ ಆ ಮಗಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ದುಬೈಯಲ್ಲೋ ಇದ್ದರೆ ಬಸ್ಸಿನ ಮಾತಿಗಿಂತ ಮೊದಲು ವಿಮಾನದ ಮಾತು ಬರುತ್ತದೆ. ‘ಬಸುರಿ ವಿಮಾನ ಹತ್ತಬಹುದಾ?’ ಎಂದು ಅಜ್ಜಿ ಕೇಳುತ್ತಾಳೆ. ತಾಯಿ, ಕೂಸು ಆರೋಗ್ಯವಾಗಿದ್ದರೆ ಹತ್ತಬಹುದು. ಆದರೆ ಯಾವಾಗ ಎಂಬುದು ಮುಖ್ಯ.

ಎರಡು ಲೆಕ್ಕ

ಹಿರಿಯರು ಬಸಿರನ್ನು ತಿಂಗಳಲ್ಲಿ ಎಣಿಸುತ್ತಾರೆ. ವೈದ್ಯರದೂ ವಿಮಾನ ಕಂಪನಿಯದೂ ವಾರದ ಲೆಕ್ಕ: ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ. ಏಳಕ್ಕೆ ಬಿದ್ದಾಗ ಸುಮಾರು 26 ವಾರ ತುಂಬಿರುತ್ತವೆ, ಒಂಬತ್ತಕ್ಕೆ ಬಿದ್ದಾಗ 35. ನಮ್ಮ ದೇಶದ ವಿಮಾನ ಕಂಪನಿಗಳು ಸಾಮಾನ್ಯವಾಗಿ 32 ವಾರ ದಾಟಿದರೆ ವೈದ್ಯರ ಪತ್ರ ಕೇಳುತ್ತವೆ, 36 ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಇದ್ದರೆ ಮಿತಿ ಇನ್ನೂ ಮುಂಚೆ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ, ಆದ್ದರಿಂದ ಟಿಕೆಟ್ ತೆಗೆಸುವ ಮೊದಲೇ ಕೇಳಿಕೊಳ್ಳಿ.

ಒಂಬತ್ತರ ಕುಬಸಕ್ಕೆ ಹಾರುತ್ತೇವೆ ಎಂದರೆ ಗಡುವಿನ ಅಂಚಿಗೆ ಹೋಗಿ ನಿಂತಂತೆ. ಹಾರಾಟಕ್ಕೆ ಹಿತವಾದ ಕಾಲ 14ರಿಂದ 28ನೇ ವಾರ. ಆಗ ವಾಂತಿ ತಗ್ಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಏಳಕ್ಕೆ ಬಂದು ತವರಿನಲ್ಲೇ ಉಳಿಯುವುದು ಸಲೀಸು. ಕುಬಸ ಮುಗಿಸಿ ಮರಳುವುದಿದ್ದರೆ ಮರಳುವ ದಿನದ ವಾರವನ್ನೂ ಎಣಿಸಿ.

ಮೇಲೆ ಹೋದಾಗ

ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಗಾಳಿಯಷ್ಟು ತೆಳು. ಮುಳ್ಳಯ್ಯನಗಿರಿಯ ತುದಿಯಲ್ಲಿ, ಅಥವಾ ಅದಕ್ಕಿಂತ ತುಸು ಮೇಲೆ ಕುಳಿತಂತೆ. ಹೊಟ್ಟೆಯೊಳಗಿನ ಕೂಸಿನ ರಕ್ತ ಆಮ್ಲಜನಕವನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಆರೋಗ್ಯವಂತ ಬಸಿರಿಗೆ ಇದು ತೊಂದರೆಯಲ್ಲ. ತೊಂದರೆ ಇರುವುದು ರಕ್ತಹೀನತೆಯಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ರಕ್ತ ಕಡಿಮೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ಬಸಿರಿನ ತಪಾಸಣೆಯ ವಿವರ ಇರುವ ತಾಯಿ ಕಾರ್ಡಿನಲ್ಲಿ ಆ ಅಂಕಿ ಬರೆದಿರುತ್ತದೆ, ನೋಡಿ. ತೀವ್ರ ರಕ್ತಹೀನತೆ, ರಕ್ತಸ್ರಾವ, ಏರಿದ ಬಿಪಿ, ಕೆಳಗಿಳಿದ ಮಾಸು, ಹಿಂದೆ ದಿನ ತುಂಬದ ಹೆರಿಗೆ, ಇವುಗಳಲ್ಲಿ ಒಂದಿದ್ದರೂ ವೈದ್ಯರು ಹೂಂ ಅನ್ನದೆ ಹೊರಡಬಾರದು.

ಕುಳಿತಾಗ

ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕಾಲು ಮಡಚಿ ತಾಸುಗಟ್ಟಲೆ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಭಯ ಹೆಚ್ಚುತ್ತದೆ. ನಡುದಾರಿಯ ಪಕ್ಕದ ಸೀಟು ಕೇಳಿ, ತಾಸಿಗೊಮ್ಮೆ ಎದ್ದು ಓಡಾಡಿ, ಕುಳಿತಲ್ಲೇ ಪಾದ ಆಡಿಸಿ. ದುಬೈಯಂಥ ದೂರದ ಹಾರಾಟಕ್ಕೆ ಬಿಗಿ ಕಾಲುಚೀಲ ಬೇಕೇ ಎಂದು ವೈದ್ಯರನ್ನು ಕೇಳಿ. ಬೆಲ್ಟು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆ ಕೂರಬೇಕು. ಮೇಲೇರಿದಂತೆ ಹೊಟ್ಟೆಯೊಳಗಿನ ಗಾಳಿ ಉಬ್ಬುತ್ತದೆ. ಅಂದು ಮಿರ್ಚಿ ಬಜಿ, ಸೋಡಾ ಬೇಡ. ಒಳಗಿನ ಗಾಳಿ ಒಣ, ನೀರು ಕುಡಿಯುತ್ತಿರಿ. ನಿಲ್ದಾಣದಲ್ಲಿ ನಡೆದು ದಾಟುವ ಲೋಹಶೋಧಕ ಬಾಗಿಲಿಗೆ ಅಂಜಬೇಕಿಲ್ಲ. ಎಕ್ಸ್‌ರೇ ಇರುವುದು ಬ್ಯಾಗಿನ ಯಂತ್ರದಲ್ಲಿ.

ಇಳಿದ ಮೇಲೆ

ವಿಮಾನ ನಮ್ಮ ಊರಿಗೆ ಬರುವುದಿಲ್ಲ. ತೋರಣಗಲ್ಲಿನ ವಿದ್ಯಾನಗರದಲ್ಲೋ ಹುಬ್ಬಳ್ಳಿಯಲ್ಲೋ ಇಳಿಯಬೇಕು. ಅಲ್ಲಿಂದ ಕುಷ್ಟಗಿ, ಯಲಬುರ್ಗಾಕ್ಕೆ ಕಾರಿನಲ್ಲಿ ಕೂರುವ ಹೊತ್ತು ಹಾರಿದ ಹೊತ್ತಿಗಿಂತ ಹೆಚ್ಚಾಗಬಹುದು. ಹಿಂದಿನ ಸೀಟಿನಲ್ಲೂ ಬೆಲ್ಟು ಹಾಕಿ, ನಡುವೆ ಇಳಿದು ನಡೆಯಿರಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಗುಳಿಗೆಗಳು ಕೈಚೀಲದಲ್ಲಿರಲಿ. ನೀರು ಹೋಗುವುದು, ರಕ್ತ ಕಾಣುವುದು, ಬಿಟ್ಟೂಬಿಡದೆ ಹೊಟ್ಟೆ ಬಿಗಿಯುವುದು, ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಆದರೆ ಊರು ಮುಟ್ಟುವ ತನಕ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕುಬಸಕ್ಕೆ ಸ್ವಾಮಿಗಳ ಹತ್ತಿರ ದಿನ ಕೇಳುವ ಮೊದಲು ತಾಯಿ ಕಾರ್ಡು ತೆರೆದು ವಾರ ಎಣಿಸಿ. ಒಳ್ಳೆಯ ದಿನವನ್ನು ಆ ವಾರಗಳ ಒಳಗೇ ಹುಡುಕಿಸಿ.