ಸಿಪಿಕೆ 1.33: ಮೆನು ತೋರುವ ದಾರಿ, ಅಳತೆಯ ಹೊಣೆ

ವಾಹನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿಗೆ ದೊಡ್ಡ ಕಂಪನಿಗಳಿಂದ ಬರುವ ಖರೀದಿ ಆದೇಶದಲ್ಲಿ ದರ, ಪ್ರಮಾಣ, ಪೂರೈಕೆಯ ದಿನಾಂಕಗಳ ಜೊತೆಗೆ ಇನ್ನೊಂದು ಷರತ್ತು ಇರುವುದುಂಟು: ಮುಖ್ಯ ಅಳತೆಗಳ ಸಿಪಿಕೆ 1.33ಕ್ಕಿಂತ ಕಡಿಮೆ ಇರಕೂಡದು. ಹೊಸ ಭಾಗಗಳಿಗೆ 1.67 ಕೇಳುವ ಗ್ರಾಹಕರೂ ಇದ್ದಾರೆ. ಪೀಣ್ಯದ ಲೇತ್ ಘಟಕವಾಗಲಿ, ಬೆಳಗಾವಿಯ ಫೌಂಡ್ರಿಯಾಗಲಿ, ಇದಕ್ಕೆ ಉತ್ತರ ಕೊಡಲಾಗದಿದ್ದರೆ ಅಂತಹ ಗ್ರಾಹಕರನ್ನು ಉಳಿಸಿಕೊಳ್ಳುವುದು ಕಷ್ಟ. ಸಂಖ್ಯಾಶಾಸ್ತ್ರಜ್ಞರನ್ನು ಸಂಬಳಕ್ಕಿಟ್ಟುಕೊಳ್ಳುವ ಶಕ್ತಿಯಿಲ್ಲದ ಉದ್ಯಮಿ ಆಗ ಮೊರೆಹೋಗುವುದು ಮೆನು ಆಧಾರಿತ ತಂತ್ರಾಂಶಗಳಿಗೆ.

ಇವುಗಳಲ್ಲಿ ಕಾರ್ಖಾನೆಗಳಿಗೆ ಚಿರಪರಿಚಿತವಾದದ್ದು ಮಿನಿಟ್ಯಾಬ್. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಬಾರ್ಬರಾ ರಯಾನ್, ಥಾಮಸ್ ರಯಾನ್ ಮತ್ತು ಬ್ರಯಾನ್ ಜಾಯ್ನರ್ ಇದನ್ನು ರೂಪಿಸಿದ್ದು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಸಲುವಾಗಿ. ಸಾಮಾನ್ಯ ಮೆನುವಿನ ತೊಡಕೆಂದರೆ, ಅದು ಪರೀಕ್ಷೆಗಳ ಹೆಸರುಗಳನ್ನು ಸಾಲಾಗಿ ತೋರಿಸಿ ಸುಮ್ಮನಾಗುತ್ತದೆ. ಯಾವುದನ್ನು ಆರಿಸಬೇಕೆಂಬ ತಿಳಿವಳಿಕೆ ಬಳಸುವವರಿಗೆ ಮೊದಲೇ ಇರಬೇಕು. 2010ರಲ್ಲಿ ಬಂದ ಮಿನಿಟ್ಯಾಬ್ 16ನೆಯ ಆವೃತ್ತಿಯ ‘ಅಸಿಸ್ಟೆಂಟ್’ ಮೆನು ಈ ಕ್ರಮವನ್ನು ತಿರುಗಿಸಿತು. ಅದು ಮೊದಲು ಪ್ರಶ್ನೆ ಕೇಳುತ್ತದೆ. ಮಾಹಿತಿ ಅಳತೆ ಮಾಡಿದ್ದೋ, ಎಣಿಕೆ ಮಾಡಿದ್ದೋ? ಒಂದೊಂದಾಗಿ ಸಂಗ್ರಹಿಸಿದ್ದೋ, ಗುಂಪುಗಳಲ್ಲೋ? ಉತ್ತರಕ್ಕೆ ತಕ್ಕಂತೆ ಕವಲುದಾರಿಯಲ್ಲಿ ಮುಂದೆ ಸಾಗಿ, ಕೊನೆಗೆ ಫಲಿತಾಂಶದೊಡನೆ ಒಂದು ‘ರಿಪೋರ್ಟ್ ಕಾರ್ಡ್’ ನೀಡುತ್ತದೆ. ಮಾದರಿಗಳು ಸಾಕಷ್ಟಿವೆಯೇ, ಉತ್ಪಾದನಾ ಪ್ರಕ್ರಿಯೆ ಸ್ಥಿರವಾಗಿದೆಯೇ ಎಂಬುದನ್ನೆಲ್ಲ ಎಚ್ಚರಿಕೆಯ ಚಿಹ್ನೆಗಳ ಮೂಲಕ ತಿಳಿಸುವ ಈ ಹಾಳೆಯೇ ಇಡೀ ವ್ಯವಸ್ಥೆಯ ಜೀವಾಳ. ವಿಪರ್ಯಾಸವೆಂದರೆ, ಗ್ರಾಹಕರಿಗೆ ಕಳುಹಿಸುವ ಕಡತದಿಂದ ಬಿಟ್ಟುಹೋಗುವುದೂ ಹಲವು ಬಾರಿ ಇದೇ ಹಾಳೆ.

ಒಂದು ಲೆಕ್ಕವನ್ನೇ ನೋಡಬಹುದು. ಪಿನ್ನೊಂದರ ವ್ಯಾಸ 20.00 ಮಿ.ಮೀ., ಟಾಲರೆನ್ಸ್ ಎರಡೂ ಕಡೆ 0.05 ಎಂದಿಟ್ಟುಕೊಳ್ಳೋಣ. ನೂರು ಪಿನ್‌ಗಳನ್ನು ಅಳೆದಾಗ ಸರಾಸರಿ 20.02, ಮಾನಕ ವಿಚಲನೆ 0.01 ಬಂದಿದೆ. ಸರಾಸರಿಯಿಂದ ಹತ್ತಿರದ ಮಿತಿಗಿರುವ ಅಂತರವನ್ನು ಮಾನಕ ವಿಚಲನೆಯ ಮೂರು ಪಟ್ಟಿನಿಂದ ಭಾಗಿಸಿದರೆ ಸಿಪಿಕೆ. ಇಲ್ಲಿ 0.03ನ್ನು 0.03ರಿಂದ ಭಾಗಿಸಿದರೆ 1.00, ಅಂದರೆ ಸಾವಿರ ಪಿನ್‌ಗಳಿಗೆ ಒಂದಕ್ಕಿಂತ ಹೆಚ್ಚು ಮಿತಿಯಾಚೆ ಹೋಗುವ ಸಂಭವ. ಇಂತಹ ಅಂಕಿ ಕಂಡೊಡನೆ ಹೊಸ ಯಂತ್ರ ಕೊಳ್ಳುವ ಯೋಚನೆ ಮೂಡುವುದು ಸಹಜ. ಆದರೆ ಟೂಲಿನ ಸೆಟ್ಟಿಂಗ್ ಸರಿಪಡಿಸಿ ಸರಾಸರಿಯನ್ನು 20.00ಕ್ಕೆ ತಂದರೆ ಅದೇ ಯಂತ್ರದ ಸಿಪಿಕೆ 1.67ಕ್ಕೇರುತ್ತದೆ. ದೋಷ ಯಂತ್ರದ ಅಲುಗಾಟದ್ದೋ, ಕೇಂದ್ರ ಜರುಗಿದ್ದೋ ಎಂಬ ಭೇದವನ್ನು ಅರೆಗಳಿಗೆಯಲ್ಲಿ ತೋರಿಸುವುದೇ ತಂತ್ರಾಂಶದ ನಿಜವಾದ ಉಪಕಾರ.

ಇನ್ನು ಅದರ ಮಿತಿ. ಇದೇ ಪಿನ್ನನ್ನು 0.02 ಮಿ.ಮೀ. ಲೀಸ್ಟ್ ಕೌಂಟಿನ ವರ್ನಿಯರ್‌ನಿಂದ ಅಳೆದರೆ ಟಾಲರೆನ್ಸಿನೊಳಗೆ ಬೆರಳೆಣಿಕೆಯ ಅಂಕಿಗಳಷ್ಟೇ ಸಿಗುತ್ತವೆ. ಉಪಕರಣದ ಲೀಸ್ಟ್ ಕೌಂಟು ಒಟ್ಟು ಟಾಲರೆನ್ಸಿನ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬುದು ಹಳೆಯ ನಿಯಮ. ಇಲ್ಲಿ ಅದು 0.01. ಆದ್ದರಿಂದ ಸಿಪಿಕೆಗೆ ಮುನ್ನ ಅದೇ ಮೆನುವಿನಲ್ಲಿರುವ ಅಳತೆ ವ್ಯವಸ್ಥೆಯ ಪರೀಕ್ಷೆಯನ್ನು, ಅಂದರೆ ಗೇಜ್ ಆರ್ ಆಂಡ್ ಆರ್ ಅನ್ನು, ಮಾಡತಕ್ಕದ್ದು. ಮೂವರು ಆಪರೇಟರುಗಳು, ಹತ್ತು ಭಾಗಗಳು, ಒಬ್ಬೊಬ್ಬರೂ ಎರಡು ಮೂರು ಬಾರಿ ಅಳೆಯುವುದು. ಅಳತೆಯ ದೋಷ ಶೇ. 10ರೊಳಗಿದ್ದರೆ ನಿಶ್ಚಿಂತೆ, ಶೇ. 30 ದಾಟಿದರೆ ಆ ಅಳತೆಯನ್ನು ನಂಬುವಂತಿಲ್ಲ.

ಇನ್ನೊಂದು ಅಪಾಯ ಎಕ್ಸೆಲ್ ಹಾಳೆಯಲ್ಲೇ ಅಡಗಿದೆ. ಅಚ್ಚುಕಟ್ಟಾಗಿ ಕಾಣಲೆಂದು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಾಲ್ಕು ನಾಲ್ಕರ ಗುಂಪು ಮಾಡಿದರೆ, ಒಂದೊಂದು ಗುಂಪಿನೊಳಗೂ ವ್ಯತ್ಯಾಸವೇ ಕಾಣದು. ಸಿಪಿಕೆ ಗುಂಪಿನೊಳಗಿನ ವ್ಯತ್ಯಾಸವನ್ನೇ ಆಧರಿಸುವುದರಿಂದ ಹಲವು ಪಟ್ಟು ಉಬ್ಬಿಬಿಡುತ್ತದೆ. ಒಟ್ಟು ವ್ಯತ್ಯಾಸವನ್ನು ಆಧರಿಸಿದ ಪಿಪಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಇವೆರಡರ ನಡುವೆ ಭಾರಿ ಅಂತರ ಕಂಡರೆ ಅನುಭವಿ ಗ್ರಾಹಕರು ಮೂಲ ಕಾಗದವನ್ನೇ ಕೇಳುತ್ತಾರೆ. ಅಸಿಸ್ಟೆಂಟ್ ಇದನ್ನು ಅಸ್ಥಿರ ಪ್ರಕ್ರಿಯೆಯೆಂದು ಎಚ್ಚರಿಸುತ್ತದೆ, ನಿಜ. ಆದರೆ ಕೆಟ್ಟ ಪಿನ್‌ಗಳನ್ನು ಪಕ್ಕಕ್ಕಿಟ್ಟು ಒಳ್ಳೆಯವನ್ನೇ ಅಳೆದದ್ದು, ರಾತ್ರಿ ಪಾಳಿಯನ್ನು ಬಿಟ್ಟು ಹಗಲಿನದನ್ನಷ್ಟೇ ಬರೆದದ್ದು ಯಾವ ತಂತ್ರಾಂಶಕ್ಕೂ ಗೊತ್ತಾಗದು.

ವರ್ತಕರಿಗೂ ಇದರಿಂದ ಪ್ರಯೋಜನವಿದೆ. ಒಂದು ಕಿಲೋ ಪೊಟ್ಟಣಗಳ ಸರಾಸರಿ ನಿವ್ವಳ ತೂಕ ನಮೂದಿಸಿದ್ದಕ್ಕಿಂತ ಕಡಿಮೆಯಾಗಬಾರದೆಂಬುದು ಕಾನೂನು. ಆ ಭಯಕ್ಕೆ ಪ್ರತಿ ಪೊಟ್ಟಣಕ್ಕೆ 8 ಗ್ರಾಂ ಹೆಚ್ಚು ತುಂಬಿದರೆ ಸಾವಿರ ಪೊಟ್ಟಣಗಳಿಗೆ 8 ಕಿಲೋ ಸರಕು ಪುಕ್ಕಟೆ ಹೋಯಿತು. ತುಂಬುವ ಯಂತ್ರದ ಏರುಪೇರನ್ನು ನಿಯಂತ್ರಣ ನಕ್ಷೆಯಲ್ಲಿ ಕಂಡರೆ ಎಷ್ಟು ಗ್ರಾಂ ಇಳಿಸಬಹುದೆಂಬುದು ಊಹೆಯ ಮಾತಾಗುವುದಿಲ್ಲ.

ಮಿನಿಟ್ಯಾಬಿನ ಪರವಾನಗಿ ಶುಲ್ಕ ಹತ್ತು ಜನರ ಘಟಕಕ್ಕೆ ಹೊರೆಯೇ ಸರಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಜಾಸ್ಪ್ ಉಚಿತವಾಗಿ ದೊರೆಯುತ್ತದೆ. ಗುಣಮಟ್ಟ ನಿಯಂತ್ರಣಕ್ಕೆಂದೇ ಅದರಲ್ಲೊಂದು ವಿಭಾಗವಿದೆ. ಕೆನಡಾದ ಜಾನ್ ಫಾಕ್ಸ್ ರೂಪಿಸಿದ ಆರ್ ಕಮಾಂಡರ್ ಕೂಡ ಮೆನುವಿನ ಮೂಲಕವೇ ನಡೆಯುವ ಉಚಿತ ಸಾಧನ. ಪ್ರಶ್ನೆ ಕೇಳುತ್ತಾ ಕೈಹಿಡಿದು ನಡೆಸುವ ಗುಣ ಇವುಗಳಲ್ಲಿ ಕಡಿಮೆ. ಆ ಕೊರತೆಗೆ ತರಬೇತಿಯೇ ಉಪಾಯ. ಮಹಾಲನೋಬಿಸರ ಆಹ್ವಾನದ ಮೇರೆಗೆ ನಿಯಂತ್ರಣ ನಕ್ಷೆಯ ಜನಕ ವಾಲ್ಟರ್ ಶೂಹಾರ್ಟ್ 1947–48ರಲ್ಲಿ ಭಾರತಕ್ಕೆ ಬಂದಿದ್ದರು. ಮಹಾಲನೋಬಿಸರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿನಲ್ಲೂ ಇದೆ. ಅಲ್ಲಿಗೆ ಹೋಗುವವರು ಮೂಲ ಅಳತೆ ಪುಸ್ತಕವನ್ನು, ಬರೆದ ಕ್ರಮ ಬದಲಿಸದೆ, ಜೊತೆಗೊಯ್ಯುವುದು ಲೇಸು.