ಹಾಲು ಇಳಿಯಿತೇ? ಮೊದಲು ಜ್ವರ ನೋಡಿ, ಆಮೇಲೆ ಉಣುಗು ನೋಡಿ



ನಿನ್ನೆ ಸಂಜೆ ಸಂಘಕ್ಕೆ ಎಂಟು ಲೀಟರ್ ಹಾಕಿದ್ದಿರಿ. ಇವತ್ತು ಐದೇ ಲೀಟರ್. ಹಸು ನಿಂತಿದೆ, ಹುಲ್ಲನ್ನೂ ಕಚ್ಚುತ್ತಿದೆ, ಆದರೆ ಹಿಂಡಿ ಅರ್ಧ ಉಳಿಸಿದೆ. 'ಹವೆ ಬದಲಾಗಿದೆ, ನಾಳೆ ಸರಿಹೋಗುತ್ತದೆ' ಎಂದು ಬಿಟ್ಟುಬಿಡುತ್ತೀರಿ. ಶಿಕಾರಿಪುರ, ಸೊರಬದ ಕಡೆ ಮಿಶ್ರತಳಿ ಹಸು ಕಟ್ಟಿದವರು ಆ ಒಂದು ದಿನವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉಣುಗಿನಿಂದ ಬರುವ ರಕ್ತದ ಕಾಯಿಲೆಗಳು ಶುರುವಾಗುವುದು ಹೀಗೆಯೇ.

ರಕ್ತದಲ್ಲಿ ಸೇರುವ ಜೀವಿಗಳು

ಇವು ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ನಮ್ಮ ಭಾಗದಲ್ಲಿ ಮೂರನ್ನು ತಿಳಿದಿರಬೇಕು.

ಮೊದಲನೆಯದು ಥೈಲೀರಿಯಾ. ಜ್ವರ 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರುತ್ತದೆ. ಭುಜದ ಮುಂದಿನ ಗಂಟು ಊದಿಕೊಂಡು ಕೈಗೆ ಸಿಗುತ್ತದೆ. ದಿನ ಕಳೆದಂತೆ ಕಣ್ಣಿನ ಒಳಪದರ ಬಿಳಿಚುತ್ತದೆ, ಹಸು ಏದುಸಿರು ಬಿಡುತ್ತದೆ.

ಎರಡನೆಯದು ಬೆಬೀಸಿಯಾ. ಇದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಹಾಗಾಗಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಈ ಕಾಯಿಲೆಯನ್ನು ಉಣುಗು ಹರಡುತ್ತದೆ ಎಂದು 1893ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು.

ಮೂರನೆಯದು ಸುರ್ರಾ. ಇದನ್ನು ತರುವುದು ಉಣುಗಲ್ಲ, ಮಳೆಗಾಲದಲ್ಲಿ ಹೆಚ್ಚುವ ರಕ್ತ ಹೀರುವ ದೊಡ್ಡ ನೊಣ. ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಹಸು ಸೊರಗುತ್ತದೆ, ಕೆಲವೊಮ್ಮೆ ಸುತ್ತು ಹೊಡೆಯುತ್ತದೆ, ಗಬ್ಬ ಹೋಗುವುದೂ ಉಂಟು. ಎಮ್ಮೆಗಳು ಲಕ್ಷಣ ತೋರಿಸದೆ ರೋಗಾಣುವನ್ನು ಇಟ್ಟುಕೊಂಡಿರಬಲ್ಲವು. ಕಾಡುಪ್ರಾಣಿಗಳನ್ನೂ ಇದು ಬಿಡುವುದಿಲ್ಲ. 2000ರಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಇದೇ ಸುರ್ರಾದಿಂದ ಸುಮಾರು ಒಂದು ಡಜನ್ ಹುಲಿಗಳು ಸತ್ತವು.

ಕಾಡು, ಗಿಡ್ಡ ಮತ್ತು ಎಚ್.ಎಫ್.

ಉಣುಗು ಏನು ಮಾಡಬಲ್ಲದು ಎಂಬುದನ್ನು ಸೊರಬದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ವೈರಸ್ ಕಾಯಿಲೆ, ಹಸುವಿನ ಈ ಕಾಯಿಲೆಗಳು ಬೇರೆ. ಆದರೆ ಅಲ್ಲಿಯೂ ದಾರಿ ಉಣುಗಿನದೇ.

ಜಿಂಕೆ, ಕಡವೆ, ಕಾಡುಕೋಣಗಳಂಥ ಮೆಲುಕು ಹಾಕುವ ಕಾಡುಪ್ರಾಣಿಗಳು ಥೈಲೀರಿಯಾ ಜಾತಿಯ ಜೀವಿಗಳನ್ನು ರಕ್ತದಲ್ಲಿ ಇಟ್ಟುಕೊಂಡೂ ಹೆಚ್ಚಾಗಿ ಆರೋಗ್ಯವಾಗಿಯೇ ಇರುತ್ತವೆ. ನಮ್ಮ ಮಲೆನಾಡು ಗಿಡ್ಡವೂ ಹಾಗೆಯೇ. ತಲೆತಲಾಂತರದಿಂದ ಉಣುಗಿನ ಜೊತೆ ಬಾಳಿದ ದೇಸಿ ತಳಿಗೆ ತಡೆಯುವ ಶಕ್ತಿ ಹೆಚ್ಚು. ಎಚ್.ಎಫ್., ಜೆರ್ಸಿ ಮಿಶ್ರತಳಿಗೆ ಅದು ಕಡಿಮೆ.

ಈಗ ನಿಮ್ಮ ಕೊಟ್ಟಿಗೆ ನೆನಪಿಸಿಕೊಳ್ಳಿ. ಗಿಡ್ಡಗಳು ಬೆಳಿಗ್ಗೆ ಕಾಡಂಚಿಗೆ ಮೇಯಲು ಹೋಗಿ ಸಂಜೆ ಬರುತ್ತವೆ. ಪಕ್ಕದಲ್ಲೇ ಎಚ್.ಎಫ್. ಕಟ್ಟಿದೆ. ಕಾಲಡಿಗೆ ಹಾಸಲು ಕಾಡಿನ ದರಗು ತಂದಿದ್ದೀರಿ. 'ನಮ್ಮ ಹಸು ಹೊರಗೇ ಹೋಗಿಲ್ಲ, ಉಣುಗು ಎಲ್ಲಿಂದ ಬಂತು' ಎಂದು ಕೇಳುವವರಿಗೆ ಉತ್ತರ ಅಲ್ಲೇ ಇದೆ.

ಚುಚ್ಚುಮದ್ದಿಗೆ ಮೊದಲು ರಕ್ತಪರೀಕ್ಷೆ

ಹಸು ಕೈತಪ್ಪುವುದು ಹೆಚ್ಚಾಗಿ ಇಲ್ಲಿ. ಮೊದಲ ದಿನ ಜ್ವರದ ಇಂಜೆಕ್ಷನ್, ಎರಡನೇ ದಿನ ಇನ್ನೊಂದು, ಮೂರನೇ ದಿನ ಮನೆಮದ್ದು. ನಾಲ್ಕನೇ ದಿನ ಡಾಕ್ಟರು ಬರುವ ಹೊತ್ತಿಗೆ ಮೈಯಲ್ಲಿ ರಕ್ತವೇ ಇರುವುದಿಲ್ಲ.

ಥೈಲೀರಿಯಾಕ್ಕೆ ಬುಪಾರ್ವಾಕ್ವೋನ್ ಬೇಕು. ಬೆಬೀಸಿಯಾ, ಸುರ್ರಾಗಳಿಗೆ ಡೈಮಿನಜೀನ್‌ನಂಥ ಬೇರೆ ಔಷಧಿ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಕೆಂಪು ಮೂತ್ರ ಕಂಡ ಮಾತ್ರಕ್ಕೆ ಬೆಬೀಸಿಯಾ ಎನ್ನಲೂ ಆಗದು. ಈದ ಹೊಸತರಲ್ಲಿ ರಂಜಕದ ಕೊರತೆಯಿಂದಲೂ ಮೂತ್ರ ಕೆಂಪಾಗುತ್ತದೆ. ಆದ್ದರಿಂದ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ. ರಕ್ತವನ್ನು ಔಷಧಿ ಕೊಡುವ ಮೊದಲೇ ತೆಗೆಯಬೇಕು, ಕೊಟ್ಟ ಮೇಲೆ ಜೀವಿ ಸಿಗುವುದು ಕಷ್ಟ. ಪಶು ಸಂಚಾರಿ ಚಿಕಿತ್ಸಾಲಯದ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಹಸುವಿನ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ. 104 ದಾಟಿದರೆ ಅದೇ ದಿನ ಫೋನ್ ಮಾಡಿ. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಎಷ್ಟು ದಿನ ಸಂಘಕ್ಕೆ ಹಾಕಬಾರದು ಎಂದು ಕೇಳಿ, ಹಾಗೆಯೇ ನಡೆದುಕೊಳ್ಳಿ.

ಕೊಟ್ಟಿಗೆಯಲ್ಲಿ ಮಾಡಬೇಕಾದದ್ದು

ರಕ್ತ ಕುಡಿದು ಉದುರಿದ ಒಂದು ಹೆಣ್ಣು ಉಣುಗು ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಇಡುವುದು ಹಸುವಿನ ಮೈಮೇಲಲ್ಲ, ನೆಲದಲ್ಲಿ, ಗೋಡೆಯ ಸಂದಿಯಲ್ಲಿ. ಆದ್ದರಿಂದ ಹಸುವಿಗೆ ಒಮ್ಮೆ ಔಷಧಿ ಹೊಡೆದರೆ ಸಾಲದು.

• ಗೋಡೆ, ನೆಲದ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಕಾಡಿನ ದರಗಿನ ಬದಲು ಭತ್ತದ ಹುಲ್ಲು ಹಾಸಿ.

• ಔಷಧಿಯನ್ನು ಡಾಕ್ಟರು ಹೇಳಿದ ಅಳತೆಯಲ್ಲಿ, ಹೇಳಿದ ದಿನಕ್ಕೆ ಮತ್ತೊಮ್ಮೆ ಹೊಡೆಯಿರಿ. ಮೊದಲು ನೀರು ಕುಡಿಸಿ, ಮೈ ನೆಕ್ಕದಂತೆ ನೋಡಿಕೊಳ್ಳಿ. ಕರೆಯುವ ಮುಂಚೆ ಕೆಚ್ಚಲು ತೊಳೆಯಿರಿ.

• ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ದಿನವೂ ಕೈಯಾಡಿಸಿ. ಉಣುಗು ಕೀಳುವಾಗ ಕೈಗವಸು ಹಾಕಿ. ಬೆರಳಲ್ಲಿ ಹಿಚುಕಬೇಡಿ, ನೆಲಕ್ಕೂ ಎಸೆಯಬೇಡಿ, ಸೀಮೆಎಣ್ಣೆಯ ಡಬ್ಬಿಗೆ ಹಾಕಿ. ಇದು ಹಸುವಿನ ಜೊತೆ ನಿಮ್ಮ ಜೀವಕ್ಕೂ ಒಳ್ಳೆಯದು.

• ಹೊರಗಿನಿಂದ ಕೊಂಡ ಹಸುವನ್ನು ಎರಡು ಮೂರು ವಾರ ಬೇರೆ ಕಟ್ಟಿ. ರೋಗಾಣು ಮೈಯೊಳಗೆ ಅಡಗಿದ್ದು, ಪ್ರಯಾಣದ ಅಥವಾ ಕರು ಹಾಕಿದ ಆಯಾಸದಲ್ಲಿ ಹೊರಬರಬಹುದು.

• ಥೈಲೀರಿಯಾಕ್ಕೆ ಲಸಿಕೆ ಇದೆ. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಿಸಬಹುದು, ತುಂಬು ಗಬ್ಬದ ಹಸುವಿಗೆ ಬೇಡ. ದ್ರವ ಸಾರಜನಕದಲ್ಲಿಟ್ಟು ತರಬೇಕಾದ ಲಸಿಕೆ ಇದು. ಒಬ್ಬೊಬ್ಬರೇ ಕೇಳುವ ಬದಲು ಸಂಘದ ಹತ್ತು ಮಂದಿ ಸೇರಿ ಕೇಳಿದರೆ ತರಿಸುವುದು ಸುಲಭ.

ಒಂದು ಎಚ್.ಎಫ್. ಹಸು ಸತ್ತರೆ ಹೋಗುವುದು ಅದರ ಬೆಲೆಯಷ್ಟೇ ಅಲ್ಲ. ಮಕ್ಕಳ ಶಾಲೆ ಫೀಜು, ಸಾಲದ ಕಂತು, ಮನೆಯ ದಿನಸಿ ಎಲ್ಲವೂ ಆ ಹಾಲಿನ ಬಟವಾಡೆಯ ಮೇಲೆ ನಿಂತಿರುತ್ತದೆ. ನಾಳೆ ಬೆಳಿಗ್ಗೆ ಹಾಲು ಕರೆಯಲು ಕೂರುವ ಮುಂಚೆ ಒಂದು ನಿಮಿಷ ಹಸುವಿನ ಕಿವಿ ಮಡಚಿ ನೋಡಿ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಅಳತೆ ತಟ್ಟನೆ ಇಳಿದಿದ್ದರೆ, ಸಂಘದಿಂದ ಮನೆಗೆ ಬಂದ ತಕ್ಷಣ ಜ್ವರ ನೋಡಿ.